ಗೀಸರ್ ಸ್ವಿಚ್ಚಿನಿಂದ ಕಿಟಕಿಯ ಗ್ರಿಲ್‌ವರೆಗೆ: ಹಳೆಯ ಮನೆಯಲ್ಲಿ ಹದಿನಾಲ್ಕು ವಾರಗಳ ಕೆಲಸ

ಮೈಸೂರಿನಲ್ಲಿ ನಮ್ಮ ತಂದೆಯವರು 1989ರಲ್ಲಿ ಕಟ್ಟಿಸಿದ ಮನೆಯಲ್ಲಿ ಅಮ್ಮ, ನಾನು, ನನ್ನ ಹೆಂಡತಿ ಮತ್ತು ಇಬ್ಬರು ಮಕ್ಕಳು ಇದ್ದೇವೆ. ಕೆಳಗೆ ನಡುಮನೆ, ಅಡುಗೆಮನೆ, ದೇವರ ಮನೆ ಮತ್ತು ಅಮ್ಮನ ಕೋಣೆ. ಮೇಲೆ ಎರಡು ಮಲಗುವ ಕೋಣೆಗಳು. ಮೇಲಿನಿಂದ ಇಳಿದು ಬರಲು ನಡುಮನೆಯ ಒಳಗಿನಿಂದಲೇ ಇರುವ ಒಂದು ಮೆಟ್ಟಿಲನ್ನು ಬಿಟ್ಟರೆ ಬೇರೆ ದಾರಿಯಿಲ್ಲ. 2024ರ ಜನವರಿಯಿಂದ ಏಪ್ರಿಲ್‌ವರೆಗೆ ಈ ಮನೆಯನ್ನು ಬೆಂಕಿಯ ಭಯದಿಂದ ದೂರವಿಡಲು ಮಾಡಿದ ಕೆಲಸ, ತಗುಲಿದ ಖರ್ಚು ಮತ್ತು ನಾನು ಮಾಡಿದ ತಪ್ಪುಗಳನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದ ಕ್ರಮದಲ್ಲಿಯೇ ಇಲ್ಲಿ ಕೊಟ್ಟಿದ್ದೇನೆ.

ಜನವರಿ 7

ಬೆಳಗ್ಗೆ ಆರೂವರೆಗೆ ಅಮ್ಮ ಬಚ್ಚಲುಮನೆಯ ಬಾಗಿಲಲ್ಲಿ ನಿಂತು, "ಎಲ್ಲೋ ಮೀನು ಸುಟ್ಟ ವಾಸನೆ ಬರ್ತಿದೆ ಕಣೋ, ನೋಡು" ಎಂದಳು. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಪಕ್ಕದ ಮನೆಯಿಂದ ಬಂದಿರಬೇಕೆಂದು ನಾನು ಹತ್ತು ನಿಮಿಷ ಸುಮ್ಮನಿದ್ದೆ. ಸ್ವಿಚ್ಚು, ಸಾಕೆಟ್ಟುಗಳ ಪ್ಲಾಸ್ಟಿಕ್ಕು ಅತಿಯಾಗಿ ಕಾದರೆ ಬರುವ ವಾಸನೆ ಅದೇ ಎಂಬುದು ನನಗೆ ತಿಳಿದಿರಲಿಲ್ಲ. ಆ ಹತ್ತು ನಿಮಿಷಗಳನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ.

ಮೇನ್ ಆಫ್ ಮಾಡಿ ಗೀಸರಿನ ಬೋರ್ಡು ಬಿಚ್ಚಿದೆ. 16 ಆಂಪಿಯರ್ ಸಾಕೆಟ್ಟಿನ ಹಿಂಭಾಗ ಕಂದು ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿತ್ತು. ಕರೆಂಟು ಹಿಂದಿರುಗುವ ನ್ಯೂಟ್ರಲ್ ವೈರಿನ ಮೇಲಿನ ಹೊದಿಕೆ ಮೂರು ಅಂಗುಲದಷ್ಟು ಉದ್ದಕ್ಕೆ ಒಣಗಿದ ಹುಣಸೆ ಸಿಪ್ಪೆಯ ಹಾಗೆ ಗಟ್ಟಿಯಾಗಿ, ಬೆರಳಲ್ಲಿ ಹಿಡಿದ ಕೂಡಲೇ ಪುಡಿಯಾಯಿತು. ಅದನ್ನು ಹಿಡಿದಿದ್ದ ಸ್ಕ್ರೂ ಕೈಯಲ್ಲಿಯೇ ತಿರುಗುವಷ್ಟು ಸಡಿಲವಾಗಿತ್ತು. 2000 ವಾಟಿನ ಗೀಸರ್ ಎಳೆಯುವುದು ಸುಮಾರು 8.7 ಆಂಪಿಯರ್ ಮಾತ್ರ; ಆದ್ದರಿಂದ ಸಾಕೆಟ್ಟಿಗೆ ಅದು ಹೊರೆಯಲ್ಲ. ಕಾದದ್ದು ಸಡಿಲವಾದ ಆ ಒಂದು ಜಾಯಿಂಟು. ಹಿಂದಿನ ವರ್ಷ ಆ ಸಾಕೆಟ್ಟನ್ನು ಬದಲಾಯಿಸಿದವನು ನಾನೇ. ಸ್ಕ್ರೂ ತಿರುಗಿಸಿದ ಮೇಲೆ ವೈರನ್ನು ಎಳೆದು ನೋಡಿರಲಿಲ್ಲ.

ಜನವರಿ 14: ಮನೆಯ ತಪಾಸಣೆ

ಟೆಸ್ಟರ್, ಮಲ್ಟಿಮೀಟರ್, ಎರಡು ಅಳತೆಯ ಸ್ಕ್ರೂಡ್ರೈವರ್, ತಲೆಗೆ ಕಟ್ಟುವ ಟಾರ್ಚು ಮತ್ತು ನೋಟುಬುಕ್ಕು ಇಟ್ಟುಕೊಂಡು ಮನೆಯ ಹದಿನಾಲ್ಕು ಸ್ವಿಚ್‌ಬೋರ್ಡುಗಳನ್ನೂ ಬಿಚ್ಚಿ ನೋಡಲು ಕುಳಿತೆ. ಮೊದಲ ಬೋರ್ಡಿನಲ್ಲಿಯೇ ದೊಡ್ಡ ಪಾಠವಾಯಿತು. ಮೇನ್ ಆಫ್ ಆಗಿದ್ದರೂ ಟೆಸ್ಟರ್ ಬೆಳಗಿತು, ಏಕೆಂದರೆ ಆ ಬೋರ್ಡಿನ ದೀಪ ಮತ್ತು ಫ್ಯಾನು ಇನ್ವರ್ಟರ್ ಲೈನಿನಲ್ಲಿದ್ದವು. ಬ್ಯಾಟರಿ ಇರುವ ಮನೆಯಲ್ಲಿ ಮೇನ್ ಆಫ್ ಮಾಡಿದ ಕೂಡಲೇ ಇನ್ವರ್ಟರ್ ತಾನಾಗಿಯೇ ಕರೆಂಟು ಕೊಡಲು ಶುರುಮಾಡುತ್ತದೆ. ಆದ್ದರಿಂದ ಅದನ್ನೂ ಆಫ್ ಮಾಡಿ, ಅದರ ಔಟ್‌ಪುಟ್ಟನ್ನು ಬೇರ್ಪಡಿಸಿದ ಮೇಲೆಯೇ ಬೋರ್ಡಿಗೆ ಕೈ ಹಾಕಬೇಕು. ಅಂದು ಟೆಸ್ಟರ್ ಹಿಡಿಯದೆ ಬೆರಳು ಹಾಕಿದ್ದರೆ ಈ ಬರಹ ಇರುತ್ತಿರಲಿಲ್ಲ.

ಹದಿನಾಲ್ಕರಲ್ಲಿ ಒಂಬತ್ತು ಬೋರ್ಡುಗಳಲ್ಲಿ ಒಂದಾದರೂ ಸ್ಕ್ರೂ ಸಡಿಲವಾಗಿತ್ತು. ಮೂರು ಕಡೆ ವೈರುಗಳನ್ನು ಬರಿದೇ ಹೊಸೆದು ಟೇಪು ಸುತ್ತಿದ್ದರು. ಟೇಪಿನ ಅಂಟು ಒಣಗಿ ಸುರುಳಿ ಬಿಚ್ಚಿಕೊಂಡಿತ್ತು. ಮೀಟರ್ ಬಳಿಯ ಹಳೆಯ ಬೋರ್ಡಿನಲ್ಲಿ ಪಿಂಗಾಣಿ ಫ್ಯೂಸುಗಳಿದ್ದವು. ಫ್ಯೂಸ್ ತಂತಿ ಹಾಕಬೇಕಾದ ಕಡೆ ಯಾರೋ ದಪ್ಪನೆಯ ತಾಮ್ರದ ಎಳೆಗಳನ್ನು ಸುತ್ತಿದ್ದರು, ಅಂದರೆ ವೈರು ಸುಟ್ಟರೂ ಫ್ಯೂಸ್ ಹೋಗುತ್ತಿರಲಿಲ್ಲ. ಜೊತೆಗೆ ಕರೆಂಟು ಬರುವ ಫೇಸಿಗೂ ನ್ಯೂಟ್ರಲ್ಲಿಗೂ ಎರಡಕ್ಕೂ ಫ್ಯೂಸ್ ಕೊಟ್ಟಿದ್ದರು. ನ್ಯೂಟ್ರಲ್ಲಿನ ಫ್ಯೂಸ್ ಮಾತ್ರ ಹೋದರೆ ದೀಪ ಆರುತ್ತದೆ, ಆದರೆ ಲೈನಿನಲ್ಲಿ ಕರೆಂಟು ಹಾಗೆಯೇ ಉಳಿದಿರುತ್ತದೆ. ಕರೆಂಟಿಲ್ಲವೆಂದು ನಂಬಿ ಕೈಯಿಟ್ಟವರ ಗತಿ ಏನಾಗಬಹುದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೋರ್ಡುಗಳ ಸ್ಕ್ರೂ ಬಿಗಿಮಾಡುವುದಷ್ಟೇ ನನ್ನ ಕೈಯ ಕೆಲಸ, ಉಳಿದದ್ದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರ ಕೆಲಸ ಎಂದು ಅಂದೇ ತೀರ್ಮಾನಿಸಿದೆ.

ಜನವರಿ 22ರಿಂದ 26: ವೈರಿಂಗ್

ದೀಪ ಮತ್ತು ಫ್ಯಾನುಗಳಿಗೆ 1.5 ಚದರ ಮಿ.ಮೀ., ಸಾಕೆಟ್ಟು ಮತ್ತು ಗೀಸರಿಗೆ 2.5, ಅಡುಗೆಮನೆಯ ಇಂಡಕ್ಷನ್ ಒಲೆ ಮತ್ತು ಓವನ್ನಿಗೆ ಪ್ರತ್ಯೇಕವಾಗಿ 4 ಚದರ ಮಿ.ಮೀ. ವೈರು ಎಳೆಸಿದೆವು. 1.5ರ ಎರಡು ಸುರುಳಿಗೆ 3,500 ರೂಪಾಯಿ, 2.5ರ ಎರಡು ಸುರುಳಿಗೆ 5,400, 4ರ ಮೂವತ್ತು ಮೀಟರಿಗೆ 1,450, ಕರೆಂಟನ್ನು ಲೈನುಗಳಿಗೆ ಹಂಚುವ ಎಂಟು ದಾರಿಯ ಡಿಬಿ ಪೆಟ್ಟಿಗೆಗೆ 1,250, ಹೊರೆ ಹೆಚ್ಚಾದರೆ ತಾನಾಗಿ ಆಫ್ ಆಗುವ ಏಳು ಎಂಸಿಬಿಗಳಿಗೆ 1,330, ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ 30 ಮಿಲಿಆಂಪಿಯರಿನ ಒಂದು ಆರ್‌ಸಿಸಿಬಿಗೆ 1,950, ಸ್ವಿಚ್ಚು, ಸಾಕೆಟ್ಟು ಮತ್ತು ಪೆಟ್ಟಿಗೆಗಳಿಗೆ 2,870 ರೂಪಾಯಿ ತಗುಲಿತು. ಎಲೆಕ್ಟ್ರಿಷಿಯನ್ ಮತ್ತು ಅವರ ಸಹಾಯಕನಿಗೆ ಐದು ದಿನದ ಕೂಲಿ 8,000. ಹಳೆಯ ಪೈಪಿನಲ್ಲಿ ವೈರು ಎರಡು ಕಡೆ ಸಿಕ್ಕಿಕೊಂಡಿದ್ದರಿಂದ ಗೋಡೆ ಒಡೆಯಬೇಕಾಯಿತು. ಅದಕ್ಕೆ ಒಂದು ಇಡೀ ದಿನ ಹೋಯಿತು.

ಐದನೆಯ ದಿನ ಸಂಜೆ ಎಲ್ಲವನ್ನೂ ಸೇರಿಸಿ ಮೇನ್ ಆನ್ ಮಾಡಿ ನಡುಮನೆಯ ದೀಪ ಹಾಕಿದ ಕೂಡಲೇ ಆರ್‌ಸಿಸಿಬಿ ಟಪ್ಪೆಂದು ಬಿತ್ತು, ಅಂದರೆ ತಾನಾಗಿ ಆಫ್ ಆಯಿತು. ಎತ್ತಿದರೆ ಮತ್ತೆ ಬಿತ್ತು. ಎಲೆಕ್ಟ್ರಿಷಿಯನ್ ಬೆವರು ಒರೆಸಿಕೊಂಡು, "ಸಾರ್, ಇದನ್ನ ಬೈಪಾಸ್ ಮಾಡಿಬಿಡೋಣ, ಹಳೇ ಮನೇಲಿ ಇದು ನಿಲ್ಲಲ್ಲ" ಎಂದರು. ದಣಿದಿದ್ದ ನನಗೂ ಒಂದು ಕ್ಷಣ ಹೌದೆನ್ನಿಸಿತು. ಆದರೆ ಬೈಪಾಸ್ ಮಾಡಿದ ಮೇಲೆ ಅದು ಗೋಡೆಯ ಮೇಲಿನ ಅಲಂಕಾರವಾಗುತ್ತದೆಯೇ ಹೊರತು ಕಾವಲಾಗುವುದಿಲ್ಲ. ಇನ್ನೂ ಎರಡು ದಿನ ಕೂಡಿ ಹುಡುಕೋಣ, ಅದರ ಕೂಲಿ ಬೇರೆ ಕೊಡುತ್ತೇನೆ ಎಂದೆ. ಅವರು ಬಂದರು, ಆದರೆ ಆ ಕೂಲಿಯನ್ನು ತೆಗೆದುಕೊಳ್ಳಲಿಲ್ಲ.

ಜನವರಿ 27 ಮತ್ತು 28: ಆರ್‌ಸಿಸಿಬಿ ಏಕೆ ಬೀಳುತ್ತಿತ್ತು

ಎಂಸಿಬಿಗಳನ್ನೆಲ್ಲ ಕೆಳಗಿಳಿಸಿ ಒಂದೊಂದನ್ನೇ ಎತ್ತುತ್ತಾ ಹೋದೆವು. ಸಾಕೆಟ್ಟುಗಳ ಲೈನು ಎತ್ತಿದಾಗ ಆರ್‌ಸಿಸಿಬಿ ಬೀಳಲಿಲ್ಲ. ಇನ್ವರ್ಟರಿನ ಯಾವ ದೀಪ ಹಾಕಿದರೂ ಬೀಳುತ್ತಿತ್ತು. ಕಾರಣ ಇದು: ಇನ್ವರ್ಟರಿಗೆ ಹೋಗುವ ಫೇಸನ್ನು ಆರ್‌ಸಿಸಿಬಿಗೆ ಮೊದಲೇ ತೆಗೆದಿದ್ದೆವು, ಆದರೆ ಆ ದೀಪಗಳ ನ್ಯೂಟ್ರಲ್ಲುಗಳು ಆರ್‌ಸಿಸಿಬಿಯ ನಂತರದ ಲಿಂಕಿಗೆ, ಅಂದರೆ ನ್ಯೂಟ್ರಲ್ಲುಗಳನ್ನು ಕೂಡಿಸುವ ಪಟ್ಟಿಗೆ, ಸೇರಿದ್ದವು. ಹೋದ ಕರೆಂಟು ಒಂದು ದಾರಿ, ಹಿಂದಿರುಗಿದ್ದು ಇನ್ನೊಂದು ದಾರಿಯಾದರೆ ಆರ್‌ಸಿಸಿಬಿ ಅದನ್ನು ಸೋರಿಕೆಯೆಂದೇ ಭಾವಿಸುತ್ತದೆ. ಇನ್ವರ್ಟರಿನ ದೀಪಗಳಿಗೆಲ್ಲ ಬೇರೆಯೇ ನ್ಯೂಟ್ರಲ್ ಎಳೆದು ಪ್ರತ್ಯೇಕ ಲಿಂಕಿಗೆ ಕೊಟ್ಟ ಮೇಲೆ ಅದು ಬೀಳುವುದು ನಿಂತಿತು.

ಭಾನುವಾರ ಬೆಳಗ್ಗೆ ಗೀಸರ್ ಹಾಕಿ ಹತ್ತು ನಿಮಿಷಕ್ಕೆ ಮತ್ತೆ ಬಿತ್ತು. ಈ ಸಲ ತಪ್ಪು ವೈರಿಂಗಿನದಾಗಿರಲಿಲ್ಲ. ಗೀಸರಿನ ಎಲಿಮೆಂಟನ್ನು ಹೊರತೆಗೆದಾಗ ಸುಣ್ಣ ಕಟ್ಟಿದ ಕೊಳವೆಯ ಮೇಲೆ ಕೂದಲೆಳೆಯಂಥ ಬಿರುಕು ಕಾಣಿಸಿತು. ಬಿಸಿಯಾದ ಮೇಲೆ ಅದರಿಂದ ನೀರಿಗೆ ಕರೆಂಟು ಸೋರುತ್ತಿತ್ತು, ಆ ನೀರಿನಲ್ಲಿ ನಾವು ಪ್ರತಿದಿನ ಸ್ನಾನ ಮಾಡುತ್ತಿದ್ದೆವು. ಹೊಸ ಎಲಿಮೆಂಟು ಮತ್ತು ವಾಷರಿಗೆ 700 ರೂಪಾಯಿ. ಬೈಪಾಸ್ ಮಾಡಿದ್ದರೆ ಇದು ಎಂದಿಗೂ ಗೊತ್ತಾಗುತ್ತಿರಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಜನವರಿ 7ರಂದು ನಡೆದದ್ದನ್ನು ಈ ಆರ್‌ಸಿಸಿಬಿಯಾಗಲಿ ಎಂಸಿಬಿಯಾಗಲಿ ತಡೆಯುತ್ತಿರಲಿಲ್ಲ. ಆರ್‌ಸಿಸಿಬಿ ಸೋರಿಕೆಗೆ ಬೀಳುತ್ತದೆ, ಎಂಸಿಬಿ ಅತಿ ಹೊರೆಗೆ ಮತ್ತು ಶಾರ್ಟ್ ಸರ್ಕ್ಯೂಟಿಗೆ ಬೀಳುತ್ತದೆ. ಸಡಿಲ ಸ್ಕ್ರೂವಿನ ಬಳಿ ಕಾಯುವ ಕಾವು ಎರಡಕ್ಕೂ ಕಾಣುವುದಿಲ್ಲ. ಆದ್ದರಿಂದ ಪ್ರತಿಯೊಂದು ಸ್ಕ್ರೂವನ್ನೂ ಬಿಗಿಮಾಡಿ ವೈರನ್ನು ಎಳೆದು ನೋಡುವ ಕೆಲಸವನ್ನು ನಾನೇ ಕೂತು ಮಾಡಿದೆ. ಗೀಸರ್ ಅರ್ಧ ಗಂಟೆ ನಡೆದ ಮೇಲೆ ಅದನ್ನು ಆಫ್ ಮಾಡಿ, ಸಾಕೆಟ್ಟಿನ ಮುಚ್ಚಳದ ಮೇಲೆ ಒಣಗಿದ ಕೈಯ ಹಿಂಭಾಗವಿಟ್ಟು ನೋಡುತ್ತೇನೆ. ಬೆಚ್ಚಗಿದ್ದರೂ ಮರುದಿನವೇ ಬಿಚ್ಚಿಸುತ್ತೇನೆ.

ಫೆಬ್ರುವರಿ 4: ಗ್ಯಾಸು

ಒಲೆಯ ಹಿಂದಿನ ರಬ್ಬರ್ ಪೈಪನ್ನು ಒರೆಸಿ ನೋಡಿದಾಗ ಅದರ ಮೇಲೆ 2016 ಎಂದು ಅಚ್ಚಾಗಿತ್ತು. ಈ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಐಎಸ್‌ಐ ಗುರುತಿನ, ಒಳಗೆ ಉಕ್ಕಿನ ತಂತಿಯ ಹೆಣಿಗೆಯಿರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪು ಒಂದೂವರೆ ಮೀಟರಿಗೆ 190 ರೂಪಾಯಿ. ಅದಕ್ಕಾಗಿ ನಾವು ಮೂರು ವರ್ಷ ತಡಮಾಡಿದ್ದೆವು.

ಪೈಪು ಹಾಕಿ ಸೋಪಿನ ನೊರೆ ಹಚ್ಚಿದಾಗ ಪೈಪಿನಲ್ಲಿ ಸೋರಿಕೆ ಇರಲಿಲ್ಲ, ಆದರೆ ರೆಗ್ಯುಲೇಟರ್ ಕೂರುವ ಜಾಗದಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ರೆಗ್ಯುಲೇಟರ್ ಬಿಚ್ಚಿ ನೋಡಿದರೆ ಸಿಲಿಂಡರಿನ ವಾಲ್ವಿನೊಳಗಿನ ರಬ್ಬರ್ ಉಂಗುರ ಒಂದು ಕಡೆ ಹರಿದಿತ್ತು. ಮುಚ್ಚಳ ಹಾಕಿ, ಏಜೆನ್ಸಿಯ ಮೆಕ್ಯಾನಿಕ್ಕನ್ನು ಕರೆಸಿ ಬದಲಾಯಿಸಿಕೊಂಡೆವು. ಅಂದಿನಿಂದ ಹೊಸ ಸಿಲಿಂಡರ್ ತಂದವರ ಎದುರಿಗೇ ನೊರೆ ಹಚ್ಚಿ ನೋಡುವುದು ಅಮ್ಮನ ಪಾಲಿನ ಕೆಲಸವಾಗಿದೆ.

ಸಿಲಿಂಡರ್ ಇದ್ದದ್ದು ಕಟ್ಟೆಯ ಕೆಳಗೆ, ಬಾಗಿಲು ಹಾಕಿದ ಕಪಾಟಿನಲ್ಲಿ. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದರಿಂದ ಸೋರಿದರೆ ನೆಲದ ಮಟ್ಟದಲ್ಲಿಯೇ ತುಂಬಿಕೊಳ್ಳುತ್ತದೆ. ಮೊದಲು ಕಪಾಟಿನ ಬಾಗಿಲಿನ ಮೇಲ್ಭಾಗದಲ್ಲಿ ರಂಧ್ರ ಕೊರೆಸಿದ್ದೆ. ಅದು ಪ್ರಯೋಜನವಿಲ್ಲದ ಕೆಲಸವೆಂದು ಬಡಗಿ ಹೋದ ಮೇಲೆ ಹೊಳೆಯಿತು. ಮತ್ತೆ ಕರೆಸಿ ನೆಲಕ್ಕೆ ತಾಗಿದಂತೆ ಉದ್ದನೆಯ ಮೂರು ಸೀಳು ಹಾಕಿಸಿದೆ. ಎರಡು ಸಲದ ಕೆಲಸಕ್ಕೆ 600. ಕಪಾಟಿನ ಒಳಬದಿಯಲ್ಲಿದ್ದ ಮಿಕ್ಸಿಯ ಸಾಕೆಟ್ಟನ್ನೂ ತೆಗೆಸಿದೆ. ವಾಸನೆ ಬಂದರೆ ಸ್ವಿಚ್ ಹಾಕಬಾರದು, ಹಾಕಿದ್ದನ್ನು ಆರಿಸಲೂಬಾರದು, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಬೇಕು ಎಂದು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೇವೆ.

ಫೆಬ್ರುವರಿ 18: ದೇವರ ಮನೆ

ಅಮ್ಮನ ನಂದಾದೀಪ ರಾತ್ರಿಯಿಡೀ ಉರಿಯುತ್ತದೆ. ಅದನ್ನು ಆರಿಸು ಎನ್ನುವ ಅಧಿಕಾರ ನನಗಿಲ್ಲ, ಆರಿಸಬೇಕೆಂಬ ಆಸೆಯೂ ಇಲ್ಲ. ಆದರೆ ಎಣ್ಣೆಯಲ್ಲಿ ನೆಂದ ಬತ್ತಿ ಇಲಿಗಳಿಗೆ ಪ್ರಿಯವಾದದ್ದು. ಉರಿಯುವ ಬತ್ತಿಯನ್ನೇ ಕಚ್ಚಿಕೊಂಡು ಓಡಿದ ಇಲಿಯಿಂದ ಮನೆಗೆ ಬೆಂಕಿ ಬಿದ್ದ ಪ್ರಸಂಗಗಳನ್ನು ನಮ್ಮ ಊರಿನ ಕಡೆ ಹಿರಿಯರು ಹೇಳುತ್ತಿದ್ದರು. ದೇವರ ಮನೆಗೆ ರೇಷ್ಮೆಯ ಪರದೆ ಇತ್ತು, ದೀಪದಿಂದ ಒಂದು ಮೊಳ ದೂರದಲ್ಲಿ ಎಣ್ಣೆಯ ಸೀಸೆ, ಕರ್ಪೂರದ ಡಬ್ಬಿ, ಹತ್ತಿಯ ಬತ್ತಿಗಳ ಕಟ್ಟು ಇದ್ದವು.

ಪರದೆ ತೆಗೆದೆವು, ಎಣ್ಣೆ ಕರ್ಪೂರಗಳನ್ನು ನಡುಮನೆಯ ಕಪಾಟಿಗೆ ಸಾಗಿಸಿದೆವು. ದೀಪಕ್ಕೆ ಮೊದಲು ಒಂದು ಗಾಜಿನ ಚಿಮಣಿ ಮುಚ್ಚಿದೆ. ಕೆಳಗೆ ಗಾಳಿಗೆ ಜಾಗ ಬಿಡದೆ ಇಟ್ಟಿದ್ದರಿಂದ ಹೊಗೆ ಕಟ್ಟಿ, ಕಾದು, ಎರಡನೆಯ ರಾತ್ರಿ ಸೀಳಿತು. ಬಳಿಕ ಸುತ್ತ ಗಾಜು, ಕೆಳಗೆ ಗಾಳಿಯ ರಂಧ್ರಗಳಿರುವ ಹಿತ್ತಾಳೆಯ ದೀಪವನ್ನು 850 ರೂಪಾಯಿಗೆ ತಂದು, ಅಂಚು ಎತ್ತರವಾದ ತಟ್ಟೆಯಲ್ಲಿ ಮರಳು ಹರಡಿ ಅದರ ಮೇಲಿಟ್ಟೆವು. ಇಲಿ ನುಗ್ಗದಂತೆ ಬಚ್ಚಲಿನ ತೂಬಿಗೆ 120 ರೂಪಾಯಿಯ ತಂತಿ ಬಲೆ ಹಾಕಿದೆವು. ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಈ ದೀಪ ಫ್ಯಾನು ಹಾಕಿದರೂ ಆರುವುದಿಲ್ಲವಲ್ಲ ಎಂದು ತಾನೇ ಹೇಳಿದಳು.

ಮಾರ್ಚ್ 3ರಿಂದ 10: ಹೊಗೆಯ ಅಲಾರಂ

ಬ್ಯಾಟರಿಯಿಂದ ನಡೆಯುವ ಅಲಾರಂ ಒಂದಕ್ಕೆ 1,150 ರೂಪಾಯಿ. ಮೊದಲು ಒಂದನ್ನೇ ತಂದು, ಜೊತೆಗೆ ಬಂದಿದ್ದ ಅಂಟುಪಟ್ಟಿಯಿಂದ ನಡುಮನೆಯ ಚಾವಣಿಗೆ ಅಂಟಿಸಿದೆ. ಸುಣ್ಣ ಹೊಡೆದ ಚಾವಣಿಗೆ ಅಂಟು ನಿಲ್ಲದೆ ಮರುದಿನವೇ ಬಿತ್ತು. 6 ಮಿ.ಮೀ. ಡ್ರಿಲ್ಲಿನಿಂದ ಕೊರೆದು ಸ್ಕ್ರೂ ಹಾಕಿದೆ. ಮಾರ್ಚ್ 8ರ ಶಿವರಾತ್ರಿಯಂದು ಅಮ್ಮ ಸಾಂಬ್ರಾಣಿ ಹಾಕಿದ ಕೂಡಲೇ ಅದು ಕೂಗಿಕೊಂಡಿತು, ನಾನು ಏಣಿ ಹತ್ತಿ ಬ್ಯಾಟರಿ ಕಿತ್ತೆ. ಪೂಜೆ ಮುಗಿದ ಮೇಲೆ ಮತ್ತೆ ಹಾಕುವುದನ್ನು ಮರೆತು ಎರಡು ದಿನ ಹಾಗೆಯೇ ಬಿಟ್ಟೆ. ತಪ್ಪು ಜಾಗದಲ್ಲಿ ಹಾಕಿದ ಅಲಾರಂ ಕೊನೆಗೆ ಬ್ಯಾಟರಿಯಿಲ್ಲದ ಅಲಾರಂ ಆಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ದೇವರ ಮನೆ ಮತ್ತು ಅಡುಗೆಮನೆ ಎರಡರಿಂದಲೂ ದೂರವಾಗಿ, ಅಮ್ಮನ ಕೋಣೆಯ ಬಾಗಿಲ ಎದುರಿಗೆ, ಗೋಡೆಯಿಂದ ಎರಡು ಅಡಿ ಬಿಟ್ಟು ಅದನ್ನು ಸರಿಸಿದೆ.

ರಾತ್ರಿ ಎರಡು ಗಂಟೆಗೆ ಎದ್ದು ಟೆಸ್ಟ್ ಗುಂಡಿ ಒತ್ತಿದೆ. ಅಮ್ಮ ಎದ್ದಳು. ಮೇಲೆ ಬಾಗಿಲು ಹಾಕಿ ಫ್ಯಾನಿನ ಕೆಳಗೆ ಮಲಗಿದ್ದ ಮಕ್ಕಳು ಮಿಸುಕಲಿಲ್ಲ. ಮರುದಿನವೇ ಎರಡನೆಯದನ್ನು ತಂದು ಮೇಲಿನ ಕೋಣೆಗಳ ಎದುರಿಗೆ ಹಾಕಿದೆ.

ಮಾರ್ಚ್ 17ರಿಂದ 31: ಕಿಟಕಿಯ ಗ್ರಿಲ್

ಉಳಿದೆಲ್ಲ ಕೆಲಸಕ್ಕಿಂತ ಇದು ನನ್ನ ನಿದ್ದೆ ಕೆಡಿಸಿದ್ದು. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿದ್ದಾಗ ತಾಯಿ ಮಗಳಿಬ್ಬರು ಬಾಲ್ಕನಿಯ ಗ್ರಿಲ್ಲಿನ ಹಿಂದೆ ಸಿಲುಕಿ ಪ್ರಾಣ ಬಿಟ್ಟದ್ದನ್ನು ರಾಜ್ಯವೆಲ್ಲ ಟಿವಿಯಲ್ಲಿ ನೋಡಿತ್ತು. ಕಳ್ಳರಿಗೆಂದು ಹಾಕಿಸಿದ ಸರಳುಗಳು ಮನೆಯವರನ್ನೇ ಹಿಡಿದಿಟ್ಟುಕೊಂಡವು. ನಮ್ಮ ಮನೆಯಲ್ಲಿ ಹನ್ನೊಂದು ಕಿಟಕಿಗಳಿವೆ, ಹನ್ನೊಂದಕ್ಕೂ ಗೋಡೆಗೆ ಹುದುಗಿದ ಗ್ರಿಲ್ಲುಗಳು. ನಡುಮನೆಯಲ್ಲಿ ಹೊಗೆ ತುಂಬಿದರೆ ಮೆಟ್ಟಿಲೇ ಹೊಗೆಯ ಕೊಳವೆಯಾಗುತ್ತದೆ, ಮೇಲಿನ ನಾಲ್ವರಿಗೂ ದಾರಿಯಿಲ್ಲ.

ಮಕ್ಕಳ ಕೋಣೆಯ ಕಿಟಕಿಯ ಕೆಳಗೆ ಎರಡೂವರೆ ಅಡಿ ಆಳದಲ್ಲಿ ಪೋರ್ಟಿಕೋದ ತಾರಸಿ ಇದೆ. ಆ ಗ್ರಿಲ್ಲಿನಲ್ಲಿ 24 ಅಂಗುಲ ಅಗಲ, 30 ಅಂಗುಲ ಎತ್ತರದ ಭಾಗವನ್ನು ಕತ್ತರಿಸಿ, ಕೀಲು ಹಾಕಿ, ಹೊರಕ್ಕೆ ತೆರೆಯುವ ಬಾಗಿಲಿನಂತೆ ಮಾಡಿಸಲು ವೆಲ್ಡಿಂಗ್ ಅಂಗಡಿಯವರೊಂದಿಗೆ 3,200 ರೂಪಾಯಿಗೆ ಮಾತಾಡಿಕೊಂಡೆ. ಒಳಕ್ಕೆ ತೆರೆದರೆ ಮಂಚಕ್ಕೆ ತಾಗುತ್ತದೆ ಎಂಬುದನ್ನು ರಟ್ಟಿನ ತುಂಡು ಕತ್ತರಿಸಿ ಹಿಡಿದು ನೋಡಿ ಮೊದಲೇ ಕಂಡುಕೊಂಡಿದ್ದೆ.

ವೆಲ್ಡಿಂಗ್ ನಡೆದ ದಿನದ ತಪ್ಪನ್ನು ಮುಚ್ಚಿಡಲಾರೆ. ಪರದೆ ತೆಗೆದಿದ್ದೆ, ಹಾಸಿಗೆಯನ್ನು ಕೋಣೆಯ ಆಚೆ ತುದಿಗೆ ಎಳೆದಿದ್ದೆ, ಅಷ್ಟೇ ಸಾಕೆಂದುಕೊಂಡೆ. ಕೆಲಸ ಮುಗಿದು ಅವರು ಹೋಗಿ ಮುಕ್ಕಾಲು ಗಂಟೆಯಾದ ಮೇಲೆ ಮಗಳು, "ಅಪ್ಪಾ, ಹಾಸಿಗೆಯಿಂದ ಹೊಗೆ ಬರ್ತಿದೆ" ಎಂದು ಕೂಗಿದಳು. ಹತ್ತಿಯ ಹಾಸಿಗೆಯ ಹೊಲಿಗೆಯೊಳಗೆ ಒಂದು ಕಿಡಿ ಬಿದ್ದು, ಉರಿಯಿಲ್ಲದೆ ಒಳಗೊಳಗೇ ಕೆಂಡವಾಗಿ ಹರಡುತ್ತಿತ್ತು. ಹೊರಗೆ ಕಾಣುತ್ತಿದ್ದದ್ದು ನಾಲ್ಕಾಣೆ ನಾಣ್ಯದಷ್ಟು ಕಪ್ಪು ಚುಕ್ಕೆ ಮಾತ್ರ. ಅಂಗಳಕ್ಕೆ ಎಳೆದು ಸೀಳಿ ಮೂರು ಕೊಡ ನೀರು ಸುರಿದೆವು. ಅರ್ಧ ಗಂಟೆಯ ನಂತರವೂ ಮತ್ತೊಂದು ಮೂಲೆಯಿಂದ ಹೊಗೆ ಎದ್ದಿತು. ವೆಲ್ಡಿಂಗ್ ಅಥವಾ ಗ್ರೈಂಡರ್ ಕೆಲಸವಿರುವ ಕೋಣೆಯಿಂದ ಬಟ್ಟೆ ಹಾಸಿಗೆಗಳನ್ನು ಪೂರ್ತಿ ಹೊರಗೆ ಹಾಕಬೇಕು, ಕೆಲಸ ಮುಗಿದ ಮೇಲೆ ಕನಿಷ್ಠ ಒಂದು ಗಂಟೆ ಯಾರಾದರೂ ಅಲ್ಲಿಯೇ ಇರಬೇಕು.

ಹೊಸ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಮೇಜಿನ ಡ್ರಾಯರಿನಲ್ಲಿಟ್ಟೆವು. ದೀಪ ಆರಿಸಿ ಮಗನಿಗೆ ತೆರೆಯಲು ಹೇಳಿದಾಗ ನಾಲ್ಕು ನಿಮಿಷವಾದರೂ ಆಗಲಿಲ್ಲ. ಬೀಗವನ್ನೇ ತೆಗೆದು, ಒಳಗಿನಿಂದ ಜಾರಿಸುವ 12 ಮಿ.ಮೀ. ಸರಳಿನ ಅಗುಳಿ ಮಾಡಿಸಿದೆ; ಹೊರಗಿನಿಂದ ಕೈ ತೂರಿಸಿದವರಿಗೆ ಸಿಗದಂತೆ ಅದರ ಸುತ್ತ ಎಂಟು ಅಂಗುಲದ ತಗಡು ಬೆಸೆಸಿದೆ. ಇದಕ್ಕೆ 450. ಈಗ ಒಂಬತ್ತು ವರ್ಷದ ಮಗ ಕಣ್ಣು ಮುಚ್ಚಿಕೊಂಡು ಐದು ಸೆಕೆಂಡಿನಲ್ಲಿ ತೆರೆಯುತ್ತಾನೆ. ತಿಂಗಳಿಗೊಮ್ಮೆ ಅಗುಳಿಗೆ ಗ್ರೀಸ್ ಹಚ್ಚುತ್ತೇವೆ.

ಏಪ್ರಿಲ್ 7: ಬೆಂಕಿ ಆರಿಸುವ ಸಿಲಿಂಡರ್

ಹಲವು ಬಗೆಯ ಬೆಂಕಿಗೆ ಆಗುವ 2 ಕೆ.ಜಿ. ಎಬಿಸಿ ಪೌಡರಿನದಕ್ಕೆ 1,650 ರೂಪಾಯಿ. ಅಂಗಡಿಯವರು ಮೊದಲು ಕೊಟ್ಟದ್ದರ ಒತ್ತಡ ತೋರಿಸುವ ಮುಳ್ಳು ಕೆಂಪಿನಲ್ಲಿತ್ತು, ಅದನ್ನು ನೋಡದೆ ತಂದು ಮತ್ತೆ ಹೋಗಿ ಬದಲಾಯಿಸಿದೆ. ಒಲೆಯ ಮೇಲೆ ತೂಗುಹಾಕಿದರೆ ಬೆಂಕಿಯನ್ನು ದಾಟಿ ಅದನ್ನು ತೆಗೆಯಬೇಕಾಗುತ್ತದೆ. ಆದ್ದರಿಂದ ಅಡುಗೆಮನೆಯ ಬಾಗಿಲ ಹೊರಗೆ, ಅಮ್ಮನ ಎದೆಯ ಎತ್ತರಕ್ಕೆ ಹಾಕಿದೆವು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಬಾಣಲೆಯನ್ನು ಎತ್ತಲೂಬಾರದು. ಒಲೆ ಆರಿಸಿ, ಅಗಲವಾದ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿ, ತಣಿಯುವವರೆಗೆ ತೆಗೆಯಬಾರದು. ಖಾಲಿ ಬಾಣಲೆಯಿಟ್ಟು ನಾವೆಲ್ಲರೂ ಸರದಿಯಲ್ಲಿ ಇದನ್ನು ಮಾಡಿ ನೋಡಿದೆವು.

ಏಪ್ರಿಲ್ 14: ಹೊರಗೆ ಬರುವ ಅಭ್ಯಾಸ

ಯುಗಾದಿ ಕಳೆದ ಭಾನುವಾರ ರಾತ್ರಿ ಒಂಬತ್ತಕ್ಕೆ ಮೇನನ್ನೂ ಇನ್ವರ್ಟರನ್ನೂ ಆಫ್ ಮಾಡಿ ಅಲಾರಂ ಒತ್ತಿದೆ. ಎಲ್ಲರೂ ಎದುರಿನ ಹೊಂಗೆ ಮರದ ಕೆಳಗೆ ಸೇರಲು 3 ನಿಮಿಷ 40 ಸೆಕೆಂಡು ಬೇಕಾಯಿತು. ಮಗ ಶಾಲೆಯ ಚೀಲ ತರಲು ಹಿಂದಿರುಗಿದ. ಮುಂಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ಬೀರುವಿನ ಮೇಲಿಟ್ಟಿದ್ದೆವು. ಕೀಲಿಯನ್ನು ಬಾಗಿಲ ಪಕ್ಕದಲ್ಲಿಯೇ ಮೊಳೆಗೆ ನೇತುಹಾಕಿದೆವು. ಯಾವುದಕ್ಕೂ ಒಳಗೆ ಹಿಂದಿರುಗಬಾರದು, ಹೊಗೆಯಿದ್ದರೆ ನೆಲಕ್ಕೆ ಬಗ್ಗಿ ಬರಬೇಕು, ಮೆಟ್ಟಿಲಲ್ಲಿ ಹೊಗೆ ಕಂಡರೆ ಬಾಗಿಲು ಮುಚ್ಚಿ ಕಿಟಕಿಯಿಂದ ಪೋರ್ಟಿಕೋಗೆ ಇಳಿಯಬೇಕು, ಹೊರಗೆ ಬಂದ ಮೇಲೆಯೇ 112ಕ್ಕೆ ಫೋನ್ ಮಾಡಬೇಕು ಎಂದು ಗೊತ್ತುಮಾಡಿಕೊಂಡು ಮತ್ತೆ ಮಾಡಿದೆವು. ಎರಡನೆಯ ಸಲ 1 ನಿಮಿಷ 10 ಸೆಕೆಂಡು. ಮಂಡಿ ನೋವಿನ ಅಮ್ಮನ ಕೈ ಹಿಡಿದು ಕರೆತರುವುದು ನನ್ನ ಹೆಂಡತಿಯ ಕೆಲಸ, ಮಕ್ಕಳು ನನ್ನ ಹೊಣೆ.

ಇಲ್ಲಿಯವರೆಗಿನ ಖರ್ಚು 35,810 ರೂಪಾಯಿ. ಹಾಳಾದ ಹಾಸಿಗೆ ಇದರಲ್ಲಿ ಸೇರಿಲ್ಲ. ಉಳಿದಿರುವ ಕೆಲಸ ಎರಡು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಗುಂಡಿಯನ್ನು ಮಳೆಗಾಲಕ್ಕೆ ಮೊದಲೇ ತೆಗೆಸಿ ಹೊಸದಾಗಿ ಹಾಕಿಸಬೇಕು. ಎಲೆಕ್ಟ್ರಿಕ್ ಸ್ಕೂಟರನ್ನು ಈಗ ರಾತ್ರಿ ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕುತ್ತಿದ್ದೇವೆ, ಅಂದರೆ ಮೇಲಿನವರು ಇಳಿಯಬೇಕಾದ ದಾರಿಯಲ್ಲಿಯೇ ಅದು ನಿಂತಿದೆ. ಕಾಂಪೌಂಡ್ ಗೋಡೆಯ ಬಳಿ ಶೀಟಿನ ಕೆಳಗೆ ಅದಕ್ಕೆ ಬೇರೆ ಪಾಯಿಂಟ್ ಕೊಡಲು ಪೈಪು ತಂದಿಟ್ಟಿದ್ದೇನೆ, ಎಲೆಕ್ಟ್ರಿಷಿಯನ್ ಮುಂದಿನ ಭಾನುವಾರ ಬರುತ್ತಾರೆ. ಅಲ್ಲಿಯವರೆಗೆ ಸ್ಕೂಟರನ್ನು ಹಗಲಿನಲ್ಲಿ, ಯಾರಾದರೂ ಮನೆಯಲ್ಲಿ ಎಚ್ಚರವಿರುವಾಗ, ಅಂಗಳದಲ್ಲಿಯೇ ಚಾರ್ಜು ಮಾಡುವುದೆಂದು ಇಂದು ರಾತ್ರಿ ನಿರ್ಧರಿಸಿದೆವು.